ಎಲ್ಲರ ಕ್ಯಾಲೆಂಡರ್ ಹೊಂದಿಸಿಕೊಟ್ಟವರು

ಹೋದ ವಾರ ನಮ್ಮ ಆಫೀಸಿನ ಎಲ್ಲರಿಗೂ ಒಂದು ಮೇಲ್ ಬಂತು. ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ಬರೆದದ್ದು ಫೋನಿನಲ್ಲಿ ಕಾಣದಿದ್ದರೆ, ಅಥವಾ ಒಂದೇ ಮೀಟಿಂಗು ಎರಡೆರಡು ಸಲ ಕಂಡರೆ ಇನ್ನು ಮುಂದೆ ಹೆಲ್ಪ್‌ಡೆಸ್ಕಿಗೆ ಬರೆಯಿರಿ, ಸರದಿಯಂತೆ ಉತ್ತರ ಕೊಡುತ್ತೇವೆ ಎಂದು. ಟೀ ರೂಮಿನಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು. ಆಕೆ ಇದ್ದಿದ್ದರೆ ಚಹಾ ಆರುವುದರೊಳಗೆ ಸರಿಮಾಡಿಬಿಡುತ್ತಿದ್ದಳು ಎಂದು ಒಬ್ಬ ಅಂದ. ಇನ್ನೊಬ್ಬಳು ಅವರ ಖಾಲಿ ಕುರ್ಚಿಯ ಕಡೆ ನೋಡಿದಳು. ನಾನು ಬೆನ್ನು ತಿರುಗಿಸಿಕೊಂಡು ನನ್ನ ಕಪ್ಪು ತೊಳೆಯುತ್ತಿದ್ದೆ. ಬಿಟ್ಟುಹೋದ ಮೇಲೂ ಹೀಗೆ ಊರೆಲ್ಲ ಹಲುಬುವಂತೆ ಮಾಡುವುದು ಎಲ್ಲರಿಗೂ ಆಗುತ್ತದೆಯೆ? ನಾನು ಈ ಲ್ಯಾಬು ಬಿಟ್ಟ ದಿನ ಸಿಮೆಂಟಿನ ಧೂಳು ಕೂಡ ನನ್ನನ್ನು ನೆನೆಯಲಾರದು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ಓದಿ ಹೇಳುತ್ತಾರೆ, ಅವರು ಖುಷಿಪಡುತ್ತಾರೆ. ಅವರಿಗೆ ಸಿಕ್ಕಿರುವ ಖುಷಿಯೇ ಸಾಕಷ್ಟಿದೆ. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ಅಕ್ಕ ಹುಬ್ಬಳ್ಳಿಯವರು. ಅಲ್ಲಿ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು ಗಂಡನ ಜೊತೆ ವೆಲಿಂಗ್ಟನ್ ಪಕ್ಕದ ಈ ಲೋವರ್ ಹಟ್‌ಗೆ ಬಂದು, ಕಟ್ಟಡದ ಸಾಮಗ್ರಿ ಪರೀಕ್ಷಿಸುವ ನಮ್ಮ ಲ್ಯಾಬಿನಲ್ಲಿ ಆಫೀಸ್ ಮ್ಯಾನೇಜರ್ ಆದರು. ನಾನು ಮೈಸೂರಿನಿಂದ ಬಂದು ಅಲ್ಲಿ ಇಂಜಿನಿಯರಾಗಿ ಸೇರುವ ಹೊತ್ತಿಗೆ ಅವರ ಗಂಡ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಗಂಡನ ಕಾರು ಮಾರಿ ಯೂಟ್ ಕೊಂಡಿದ್ದರು, ರೈತರು ಹುಲ್ಲು ಹೇರಿಕೊಂಡು ಹೋಗುವಂಥ, ಹಿಂಬದಿ ತೆರೆದ ಗಾಡಿ. ಸೀರೆ ಉಟ್ಟ ದಿನವೂ ಅದನ್ನೇ ಓಡಿಸಿಕೊಂಡು ಬರುತ್ತಿದ್ದರು. ಇದ್ಯಾಕಕ್ಕ ಎಂದು ಮೊದಲ ವಾರವೇ ಕೇಳಿದ್ದೆ.

"ಕಾರಿನ್ಯಾಗ ಹಿಂದಿನ ಸೀಟು ಖಾಲಿ ಕಂಡ್ರ ಒಂಥರಾ ಆಕ್ಕಿತ್ತವಾ. ಇದಕ್ಕ ಹಿಂದಿನ ಸೀಟ ಇಲ್ಲ" ಅಂದಿದ್ದರು.

ಹೀಗೆ ಹೇಳಿ ಕಣ್ಣು ಒದ್ದೆ ಮಾಡಿಕೊಂಡರು ಅಂದುಕೊಳ್ಳಬೇಡಿ. ಮರುಕ್ಷಣ ಕೈಚೀಲದಿಂದ ಕನ್ನಡಿ ತೆಗೆದು ತುಟಿಯ ಬಣ್ಣ ಸರಿಮಾಡಿಕೊಂಡರು. ತಾವು ಚೆಂದ ಎಂಬುದು ಅವರಿಗೆ ಗೊತ್ತಿತ್ತು. ತಮ್ಮ ಕೆಲಸ ಚೆನ್ನ ಎಂಬುದೂ ಗೊತ್ತಿತ್ತು. ಬೇರೆಯವರಿಗೆ ಅದು ಮರೆತುಹೋಗದಂತೆ ನೋಡಿಕೊಳ್ಳುತ್ತಿದ್ದರು. ಅವರು ಮಾಡುವ ಕಾಫಿಯನ್ನು ಯಾರೂ ಕುಡಿಯುವಂತಿರಲಿಲ್ಲ, ಆದರೆ ಹಾಗೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇಸ್ಪೀಟಿನಲ್ಲಿ ಹಾಡಹಗಲೇ ಮೋಸ ಮಾಡುತ್ತಿದ್ದರು.

ಕ್ಯಾಲೆಂಡರ್ ಅವರ ಖಾತೆಯ ಕೆಲಸವಾಗಿರಲಿಲ್ಲ. ಮೀಟಿಂಗಿಗೆ ಬಾರದವರನ್ನು ಹುಡುಕಿ ಹುಡುಕಿ ಸಾಕಾಗಿ ತಾವೇ ಕಲಿತರು. ನಮ್ಮ ನಿರ್ದೇಶಕರು ಯಾವುದೋ ಸಮ್ಮೇಳನಕ್ಕೆ ಹೋಗಿಬಂದ ಮೇಲೆ ಅವರ ಫೋನಿನಲ್ಲಿ ಪ್ರತಿ ಮೀಟಿಂಗೂ ಮೂರು ಮೂರು ಸಲ ಕಾಣತೊಡಗಿತು. ಆ ಮನುಷ್ಯ ದಿಕ್ಕೆಟ್ಟು ಒಂದಕ್ಕೂ ಹೋಗುತ್ತಿರಲಿಲ್ಲ. ಅಕ್ಕ ಫೋನು ಇಸಿದುಕೊಂಡು, ಹಳೆಯ ಫೋನಿನ ಖಾತೆ, ಹೊಸದರ ಖಾತೆ, ಆಫೀಸಿನ ಖಾತೆ ಮೂರೂ ಒಟ್ಟಿಗೆ ತುಂಬಿಕೊಂಡಿರುವುದನ್ನು ತೋರಿಸಿ ಎರಡನ್ನು ಕಿತ್ತುಹಾಕಿದರು. ನನ್ನ ಗಂಡ ಊರಿಗೆ ಹೋಗಿಬಂದಾಗ ಅವರ ಕ್ಯಾಲೆಂಡರ್ ಇಂಡಿಯಾ ಟೈಮಿನಲ್ಲೇ ಉಳಿದುಬಿಟ್ಟಿತ್ತು. ಬೆಳಿಗ್ಗೆ ಹೋಗಬೇಕಾಗಿದ್ದ ಹಲ್ಲಿನ ಡಾಕ್ಟರ ಹತ್ತಿರ ಸಂಜೆ ಹೋಗಿ ಮುಚ್ಚಿದ ಬಾಗಿಲು ತಟ್ಟಿದ್ದರು. ಅದನ್ನೂ ಸರಿಮಾಡಿಕೊಟ್ಟವರು ಅಕ್ಕನೇ. ಆಮೇಲೆ ನನ್ನ ಗಂಡ ನಾನು ಮಾಡಿದ ಬಿಸಿಬೇಳೆಬಾತ್ ತಿನ್ನುತ್ತ, "ಆಕೆ ಜೀನಿಯಸ್ ಕಣೆ" ಅಂದರು. ಹೊಟ್ಟೆಯೊಳಗೆ ಸಣ್ಣಗೆ ಚುರುಕ್ ಎಂದದ್ದು ಅದೇ ಮೊದಲು.

ಅಕ್ಕನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಗಂಡನಿಗೆ ರೈಲು ಹತ್ತಿ ವೆಲಿಂಗ್ಟನ್ನಿಗೆ ಹೋಗುವ ಕೆಲಸ, ನನಗೆ ಲ್ಯಾಬು ಮುಗಿಯುವ ಹೊತ್ತು ಗೊತ್ತಿಲ್ಲ. ಅಕ್ಕ ಬೇಗ ಬಂದು ಬೇಗ ಹೋಗುವವರು. ನಮ್ಮ ಒಬ್ಬಳೇ ಮಗಳು ಇಂಚರ ಶಾಲೆ ಬಿಟ್ಟ ಮೇಲೆ ಅವರ ಮನೆಯಲ್ಲಿರಲಿ ಎಂದು ಅವರೇ ಹೇಳಿದರು. ನಾನು ಕೈಮುಗಿದು ಒಪ್ಪಿಕೊಂಡೆ.

ಇಲ್ಲಿ ಹುಟ್ಟಿದ ಮಕ್ಕಳಂತೆ ಇಂಚರಳೂ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಬೇಡಿಕೊಂಡೆ, ಬೈದೆ, ಕಥೆ ಪುಸ್ತಕ ತರಿಸಿದೆ. ಏನೂ ಆಗಲಿಲ್ಲ. ಒಂದು ಸಂಜೆ ಕರೆದುಕೊಂಡು ಬರಲು ಹೋದಾಗ ಅಕ್ಕನ ಅಡುಗೆಮನೆಯಿಂದ ಒಂದು ಹುಡುಗಿಯ ದನಿ ಕೇಳಿಸಿತು: "ನಂಗ ಇನ್ನೊಂದೀಟು ಗಿರಮಿಟ್ ಬೇಕು. ಉಳ್ಳಾಗಡ್ಡಿ ಬ್ಯಾಡ." ಹುಬ್ಬಳ್ಳಿಯಿಂದ ಯಾರೋ ನೆಂಟರ ಮಗು ಬಂದಿದೆ ಅಂದುಕೊಂಡು ಇಣುಕಿದೆ. ಮಂಡಕ್ಕಿಯ ಬಟ್ಟಲು ಹಿಡಿದು ಕೂತಿದ್ದವಳು ನನ್ನ ಮಗಳು.

"ಏನ್ ಮಾಡಿದ್ರಿ ಅಕ್ಕ ಇವಳಿಗೆ?" ಅಂದೆ.

"ಏನಿಲ್ಲ. ಮನ್ಯಾಗ ನಂಗ ಇಂಗ್ಲೀಷ್ ತಿಳಿಯಂಗಿಲ್ಲ ಅಂತ ಹೇಳೀನಿ. ಹಸಿವಾದ್ರ ತಾನ ಕಲೀತೈತಿ ಕೂಸು."

ನಾನು ನಕ್ಕೆ. ಕಾರಿಗೆ ಬಂದ ಮೇಲೆ ಇಂಚರಳನ್ನು ಹೊಟ್ಟೆ ತುಂಬಿತಾ ಎಂದು ಕೇಳಿದೆ. "ಯಾ, ಐಯಾಮ್ ಫುಲ್" ಅಂದಳು. ಮೈಸೂರಿನಲ್ಲಿ ನಮ್ಮಮ್ಮ ವಿಡಿಯೋ ಕಾಲಿನಲ್ಲಿ ಮೊಮ್ಮಗಳ ಮಾತು ಕೇಳಿ ಬಿದ್ದು ಬಿದ್ದು ನಕ್ಕರು. "ಏನೇ ಇದು, ನಿನ್ ಮಗಳನ್ನ ಹುಬ್ಬಳ್ಳಿಯವರು ದತ್ತು ತಗೊಂಡ್ರಾ?" ಅವರಿಗೆ ಅದು ತಮಾಷೆ. ನನಗೆ ಅಂದು ಊಟ ಸೇರಲಿಲ್ಲ.

ಇಂಚರ ಹನ್ನೊಂದು ತುಂಬಿ ಇಂಟರ್‌ಮೀಡಿಯೆಟ್ ಶಾಲೆಗೆ ಸೇರಿದ ವರ್ಷ ಕಾಪಾ ಹಾಕಾ ತಂಡದಲ್ಲಿದ್ದಳು. ಮಾವೊರಿ ಹಾಡು ಕುಣಿತದ ಆ ತಂಡ ಪೆಟೋನಿಯ ಒಂದು ಸಭಾಂಗಣದಲ್ಲಿ ಪ್ರದರ್ಶನ ಕೊಡುವುದಿತ್ತು. ದಿನ ಗೊತ್ತಾದ ಕೂಡಲೇ ನಾನು ಆಫೀಸಿನ ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ, ಮುಂಚೆಯೇ ಎಚ್ಚರಿಸು ಎಂದು ಗಂಟೆಯನ್ನೂ ಇಟ್ಟೆ. ಆ ದಿನ ನನ್ನನ್ನು ಇದ್ದಕ್ಕಿದ್ದಂತೆ ಕಾಂಕ್ರೀಟ್ ಒತ್ತುವ ಯಂತ್ರದ ಕೋಣೆಗೆ ಕರೆದರು. ಅಲ್ಲಿಗೆ ಕಂಪ್ಯೂಟರ್ ಒಯ್ಯುವಂತಿಲ್ಲ. ಜೇಬಿನಲ್ಲಿ ಫೋನಿತ್ತು, ಅದು ಹೇಳುತ್ತದೆ ಎಂದು ನಂಬಿ ಕೆಲಸದಲ್ಲಿ ಮುಳುಗಿದೆ. ಫೋನು ಉಸಿರೆತ್ತಲಿಲ್ಲ. ಹೊರಗೆ ಬಂದಾಗ ಅಕ್ಕನ ಸಂದೇಶ ಬಂದಿತ್ತು. ವಿಡಿಯೋ. ನನ್ನ ಮಗಳು ಮುಂದಿನ ಸಾಲಿನಲ್ಲಿ ಎದೆ ಸೆಟೆಸಿ ನಿಂತು, ಆ ಕುಣಿತದ ರೀತಿಯಂತೆ ಕೈ ನಡುಗಿಸುತ್ತ ಹಾಡುತ್ತಿದ್ದಳು. ವಿಡಿಯೋದ ಹಿಂದೆ ಅಕ್ಕನ ಶಿಳ್ಳೆ ಕೇಳುತ್ತಿತ್ತು.

ಮರುದಿನ ನನ್ನ ಮೇಜಿನ ಹತ್ತಿರ ಬಂದರು. "ಯಾಕವಾ ತಂಗಿ, ಬರ್ಲಿಲ್ಲ ನೀ? ಹುಡುಗಿ ಬಾಗಲಾನ ನೋಡ್ತಿತ್ತು."

"ಬರ್ದಿಟ್ಟಿದ್ದೆ ಅಕ್ಕ. ಫೋನಲ್ಲಿ ಬರ್ಲೇ ಇಲ್ಲ."

"ಎಲ್ಲಿ ಬರದಿದ್ದಿ, ತೋರ್ಸು."

ತೋರಿಸಿದೆ. ಕುರ್ಚಿ ಎಳೆದು ಕೂತರು. ನನ್ನ ಕಂಪ್ಯೂಟರಿನಲ್ಲಿ ಎರಡು ಕ್ಯಾಲೆಂಡರ್ ಇದ್ದವು, ನೋಡಲು ಅವಳಿಜವಳಿ. ಒಂದು ಆನ್‌ಲೈನ್ ಖಾತೆಯದು. ಇನ್ನೊಂದರ ಮೇಲೆ ಸಣ್ಣ ಅಕ್ಷರದಲ್ಲಿ 'ಈ ಕಂಪ್ಯೂಟರಿನಲ್ಲಿ ಮಾತ್ರ' ಎಂದಿತ್ತು. ಕೆಲಸಕ್ಕೆ ಸೇರಿದಾಗಿನಿಂದ ನಾನು ಬರೆದದ್ದೆಲ್ಲ ಆ ಎರಡನೆಯದರಲ್ಲಿ. ಫೋನು ನೋಡುತ್ತಿದ್ದುದು ಖಾತೆಯನ್ನು ಮಾತ್ರ.

"ಇದು ಬಾವ್ಯಾಗ ಮಾತಾಡಿದಂಗ" ಅಂದರು. "ನಿನಗ ಕೇಳ್ತೈತಿ, ಮ್ಯಾಲಿದ್ದವ್ರಿಗೆ ಕೇಳಂಗಿಲ್ಲ. ಎರಡ ಕಡೆ ಬರದ್ರ ಒಂದ ಕಡೆ ಸುಳ್ಳ ಆಕ್ಕೈತಿ. ಒಂದ ಕಡೆ ಬರಿ, ಎಲ್ಲಾ ಕಡೆ ಕಾಣ್ಲಿ."

ಎಲ್ಲವನ್ನೂ ಒಟ್ಟಿಗೆ ಆರಿಸಿ ಖಾತೆಗೆ ಸಾಗಿಸಿದರು. ಫೋನಿನ ಸೆಟ್ಟಿಂಗಿಗೆ ಹೋಗಿ, ಖಾತೆಯ ಕೆಳಗೆ ಕ್ಯಾಲೆಂಡರ್ ಎಂಬಲ್ಲಿ ಆರಿಹೋಗಿದ್ದ ಗುಂಡಿಯನ್ನು ಹಸಿರು ಮಾಡಿದರು. ಆಮೇಲೆ ಮಗಳ ಹೆಸರಿನಲ್ಲಿ ಅವರೇ ಮಾಡಿದ್ದ ಇನ್ನೊಂದು ಕ್ಯಾಲೆಂಡರನ್ನು ನನ್ನೊಂದಿಗೂ ಹಂಚಿದರು. ಸ್ವಲ್ಪ ಹೊತ್ತಿಗೆ ನನ್ನ ಫೋನು ಹಳದಿ ಬಣ್ಣದಿಂದ ತುಂಬಿಹೋಯಿತು. ನೆಟ್‌ಬಾಲ್, ಈಜು, ಗೆಳತಿಯ ಹುಟ್ಟುಹಬ್ಬ, ಲೈಬ್ರರಿ ಪುಸ್ತಕ ಹಿಂದಿರುಗಿಸುವುದು. ನನ್ನ ಮಗಳ ವಾರ ಇಷ್ಟು ತುಂಬಿದೆ ಎಂದು ನನಗೆ ತಿಳಿದದ್ದು ಆ ಮಧ್ಯಾಹ್ನ, ಅದೂ ಇನ್ನೊಬ್ಬ ಹೆಂಗಸಿನ ಬೆರಳಿನಿಂದ. ಥ್ಯಾಂಕ್ಸ್ ಅಕ್ಕ ಅಂದೆ. ಒಳಗೆ ಹಸಿಮೆಣಸಿನಕಾಯಿ ಕಚ್ಚಿದ ಹಾಗಿತ್ತು.

ಅಲ್ಲಿಂದ ಮುಂದೆ ಒಂದು ಕಾರ್ಯಕ್ರಮವೂ ತಪ್ಪಲಿಲ್ಲ. ನೆಟ್‌ಬಾಲ್ ಅಂಗಳದ ಅಂಚಿನಲ್ಲಿ ದಕ್ಷಿಣದ ಕೊರೆಯುವ ಗಾಳಿಗೆ ನಡುಗುತ್ತ ನಾನೂ ನಿಂತೆ. ಆದರೆ ಆಟ ಮುಗಿದ ಮೇಲೆ ಇಂಚರ ಮೊದಲು ಓಡಿಹೋಗುತ್ತಿದ್ದುದು ಆ ಯೂಟಿನ ಕಡೆಗೆ.

ಮಗಳು ದೊಡ್ಡವಳಾದಾಗ ನಾನು ಕೆಲಸದ ಮೇಲೆ ಕ್ರೈಸ್ಟ್‌ಚರ್ಚಿನಲ್ಲಿದ್ದೆ. ವಾಪಸು ಬಂದಮೇಲೆ ತಿಳಿಯಿತು. ಶಾಲೆಯಿಂದ ನೇರ ಅಕ್ಕನ ಮನೆಗೆ ಹೋಗಿ ಹೇಳಿದ್ದಳು. ಅವರು ಬೇಕಾದದ್ದು ತಂದುಕೊಟ್ಟು, ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟು, ಮಲಗಿಸಿದ್ದರು. ನಮ್ಮಮ್ಮ ನನಗೆ ಮಾಡಿದ ಆರತಿ, ಸುತ್ತ ಕೂತು ಹಾಡಿದ ಅಕ್ಕಪಕ್ಕದ ಹೆಂಗಸರು, ಕೊಬ್ಬರಿ ಬೆಲ್ಲ, ಅದೇನನ್ನೂ ನಾನು ಮಗಳಿಗೆ ಮಾಡುವವಳಲ್ಲ. ಆದರೆ ಮೊದಲು ಕೇಳುವ ಕಿವಿ ನನ್ನದು ಎಂದುಕೊಂಡಿದ್ದೆ. ಚೀಲ ಇಳಿಸದೆ ಅಕ್ಕನ ಮನೆಗೆ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು.

"ಅವಳು ನನ್ನ ಮಗಳು ಅಕ್ಕ" ಅಂದೆ.

ಅವರು ತಿರುಗಿ ನೋಡಿದರು. "ಹೌದವಾ. ನಂದಂತ ನಾ ಯಾವಾಗ ಅಂದೆ?"

"ಒಂದು ಫೋನ್ ಮಾಡ್ಬಹುದಿತ್ತಲ್ಲ?"

"ಮಾಡಾಕ ಹತ್ತಿದ್ದೆ. ಹುಡುಗಿ ತಾನ ಹೇಳ್ತೀನಂದ್ಲು. ಆಕಿ ಮಾತು ಆಕೀದು."

ಆಮೇಲೆ ಕೈ ಒರೆಸಿಕೊಂಡು ತಮ್ಮ ಫೋನನ್ನು ಮುಂದೆ ಹಿಡಿದರು. ಇಂಚರಳ ಕ್ಯಾಲೆಂಡರ್ ತೆರೆದು, ಯಾರು ಯಾರು ನೋಡಬಹುದು ಎಂಬ ಪುಟ ತೋರಿಸಿದರು. ತಮ್ಮ ಹೆಸರಿನ ಪಕ್ಕದ ಸಣ್ಣ ಗುರುತಿನ ಮೇಲೆ ಬೆರಳಿಟ್ಟರು.

"ನಿನಗ ಸಂಕಟ ಆಗೈತಿ. ನಂಗ ತಿಳೀತೈತಿ. ಇದನ್ನ ಒತ್ತಿದ್ರ ನಾ ಹೋಗ್ತೀನಿ. ಒತ್ತು, ನಾ ಏನೂ ಅನ್ನಂಗಿಲ್ಲ."

ಒತ್ತಬೇಕು ಎಂದು ಎಷ್ಟು ಆಸೆಯಾಗಿತ್ತು ಎಂದು ಈಗಲೂ ಬರೆಯಬಲ್ಲೆ. ಆದರೆ ಗುರುವಾರ ಈಜು ಮುಗಿದ ಮೇಲೆ ಅವಳನ್ನು ಯಾರು ಕರೆತರುತ್ತಾರೆ? ಶುಕ್ರವಾರ ನನಗೆ ಮತ್ತೆ ಕಟ್ಟಡದ ಸೈಟಿನಲ್ಲಿ ಕೆಲಸವಿತ್ತು. ಹೊಟ್ಟೆಕಿಚ್ಚಿನವರಿಗೂ ಲೆಕ್ಕಾಚಾರ ಇರುತ್ತದೆ. ಫೋನು ಹಿಂದಕ್ಕೆ ಕೊಟ್ಟೆ. ಅಕ್ಕ ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿ ಎಣ್ಣೆ, ಶೇಂಗಾಚಟ್ನಿ ಇಟ್ಟರು. ಸಿಟ್ಟಿನಲ್ಲೇ ತಿಂದೆ. ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ನಾನು ಸುಮ್ಮನೆ ಬಿಟ್ಟುಕೊಡಲಿಲ್ಲ. ಒಂದು ಶನಿವಾರವನ್ನು ಪೂರ್ತಿ ಬಿಡುವು ಮಾಡಿಕೊಂಡು, ಮಗಳ ಕ್ಯಾಲೆಂಡರಿನಲ್ಲಿ 'ಅಮ್ಮನ ಜೊತೆ ಪೈಕಾಕಾರಿಕಿ ಬೀಚ್' ಎಂದು ಬರೆದೆ. ಅವಳು ಒಪ್ಪಿದಳು. ಸಂಜೆ ಬಂದು, "ಕ್ಯಾನ್ ಆಂಟಿ ಕಮ್?" ಎಂದಳು. ಅಕ್ಕನನ್ನು ಕರೆಯದೆ ವಿಧಿಯಿರಲಿಲ್ಲ.

"ಇಲ್ಲವಾ, ನನ್ನ ಮೊಣಕಾಲು ಹಿಡದೈತಿ, ನೀವು ತಾಯಿ ಮಗಳು ಹೋಗಿ ಬರ್ರಿ" ಅಂದರು. ಅದೇ ದಿನ ಅವರು ನದಿಯ ಕಟ್ಟೆಯ ಮೇಲೆ ಸೈನಿಕರಂತೆ ನಡೆದು ಹೋಗುವುದನ್ನು ನನ್ನ ಗಂಡ ನೋಡಿದರು.

ಹೀಗೆ ಅವರು ದಯಪಾಲಿಸಿದ ದಿನದಲ್ಲಿ ನಾವಿಬ್ಬರೂ ಮರಳಿನ ಮೇಲೆ ಕೂತು ಫಿಶ್ ಅಂಗಡಿಯ ಬಿಸಿ ಆಲೂ ಚಿಪ್ಸ್ ತಿಂದೆವು. ಇಂಚರ ಕಾಪಿಟಿ ದ್ವೀಪವನ್ನು ನೋಡುತ್ತಿದ್ದಳು, ನಾನು ಅವಳನ್ನು. ಇದ್ದಕ್ಕಿದ್ದಂತೆ ನನಗೆ ಹೊಳೆಯಿತು, ಅಕ್ಕನ ಉಪಾಯವನ್ನೇ ಮಾಡಿ ನೋಡೋಣ ಎಂದು.

"ಇವತ್ತಿಂದ ನಂಗೂ ಇಂಗ್ಲಿಷ್ ಬರಲ್ಲ" ಅಂದೆ.

ಇಂಚರ ಜೋರಾಗಿ ನಕ್ಕಳು. "ಮಮ್, ಯು ರೈಟ್ ರಿಪೋರ್ಟ್ಸ್ ಇನ್ ಇಂಗ್ಲಿಷ್ ಆಲ್ ಡೇ." ಆ ನಗುವಿನಲ್ಲಿ ಕೆಡುಕಿರಲಿಲ್ಲ. ನನ್ನ ಕೈಯಿಂದ ಚಿಪ್ಸನ್ನೂ ತೆಗೆದುಕೊಂಡಳು. ಒಬ್ಬರ ಬಾಯಲ್ಲಿ ಮಂತ್ರವಾದದ್ದು ಇನ್ನೊಬ್ಬರ ಬಾಯಲ್ಲಿ ಬರೀ ಮಾತು. ಸೀಗಲ್ ಹಕ್ಕಿಗಳು ಸುತ್ತ ಕೂತು ಉಳಿದದ್ದಕ್ಕೆ ಕಾಯುತ್ತಿದ್ದವು.

ಕೆಲವು ವರ್ಷ ಹೀಗೇ ಕಳೆದವು. ಈ ಬಾರಿಯ ಚಳಿಗಾಲ ಕಳೆಯುತ್ತಿದ್ದಂತೆ ಅಕ್ಕ ಟೀ ರೂಮಿನಲ್ಲಿ ಎಲ್ಲರ ಮುಂದೆ, ತಾವು ನಿವೃತ್ತರಾಗುತ್ತಿರುವುದಾಗಿಯೂ, ನೆಲ್ಸನ್‌ಗೆ ಹೋಗಿ ನೆಲೆಸುವುದಾಗಿಯೂ, ಅಲ್ಲಿ ಮದುವೆಯಾಗುವುದಾಗಿಯೂ ಹೇಳಿದರು. ಹುಡುಗ ಗ್ರೇಮ್ ಎಂಬ ಕಿವಿ, ಅಂದರೆ ಇಲ್ಲಿಯದೇ ಬಿಳಿಯ. ಹುಡುಗ ಎಂದರೆ ಅಕ್ಕನಿಗಿಂತ ಹಿರಿಯ, ಹೆಂಡತಿ ತೀರಿಕೊಂಡವನು, ದೋಣಿಗಳ ಇಂಜಿನ್ ರಿಪೇರಿ ಮಾಡಿ ನಿವೃತ್ತನಾದವನು. ಅಕ್ಕನ ಪಕ್ಕದ ಮನೆಯಲ್ಲಿದ್ದ ತನ್ನ ತಂಗಿಯನ್ನು ನೋಡಲು ಬರುತ್ತಿದ್ದನಂತೆ. ಟೀ ರೂಮಿನಲ್ಲಿ ಹುಯ್ಯೋ ಎಂದರು. ನಾನೂ ಅಪ್ಪಿಕೊಂಡೆ. ಮನೆಗೆ ಬಂದು ಮಗಳನ್ನು ಕೇಳಿದೆ, ನಿನಗೆ ಗೊತ್ತಿತ್ತಾ?

"ಆಫ್ ಕೋರ್ಸ್, ಮಮ್. ಐವ್ ನೋನ್ ಸಿನ್ಸ್ ಸಮ್ಮರ್. ಆಂಟಿ ಆಸ್ಕ್ಡ್ ಮಿ ಫಸ್ಟ್."

ನನ್ನ ಮಗಳ ಅಪ್ಪಣೆ ಕೇಳಿದ್ದರು! ಅಂದು ಯಾವುದಕ್ಕೆ ಹೆಚ್ಚು ಉರಿಯಿತು ಎಂದು ವಿಂಗಡಿಸಲಾರೆ. ಗುಟ್ಟನ್ನು ನನಗೆ ಹೇಳದೆ ಅವಳಿಗೆ ಹೇಳಿದ್ದಕ್ಕೋ, ಅರವತ್ತು ದಾಟಿದ ಹೆಂಗಸಿನ ಕೆನ್ನೆ ಹಾಗೆ ಕೆಂಪಾದದ್ದಕ್ಕೋ. ನಮ್ಮಲ್ಲಿ ಎಷ್ಟೋ ಜನ ಮನಸ್ಸಿನಲ್ಲೂ ಅಂದುಕೊಳ್ಳಲು ಹೆದರುವುದನ್ನು ಅವರು ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದು, ಮೀಟಿಂಗಿನ ದಿನ ಬದಲಾಯಿತು ಎಂಬಷ್ಟು ಸಲೀಸಾಗಿ ಹೇಳಿಬಿಟ್ಟಿದ್ದರು.

ಹೊರಡುವ ಮುನ್ನ ಅಕ್ಕ ನಮ್ಮ ಮನೆಗೆ ಬಂದು ಇಂಚರಳ ಕ್ಯಾಲೆಂಡರಿನ ಯಜಮಾನಿಕೆಯನ್ನು ನನ್ನ ಹೆಸರಿಗೆ ಮಾಡಿಕೊಟ್ಟರು. ತಮ್ಮ ಹೆಸರನ್ನು ತಾವೇ ತೆಗೆದುಹಾಕಿದರು. ಗೆದ್ದೆ ಅನ್ನಿಸಬೇಕಿತ್ತು. ಮರುವಾರವೇ ಇಂಚರ ಅವರನ್ನು ಮತ್ತೆ ಸೇರಿಸಿಕೊಂಡಳು. ಅವಳಿಗೆ ಈಗ ಹದಿನಾರು, ನನ್ನನ್ನು ಕೇಳಬೇಕಾಗಿರಲಿಲ್ಲ.

ಮದುವೆಗೆ ನಾವು ಮೂವರೂ ಫೆರ್ರಿ ಹತ್ತಿ ಜಲಸಂಧಿ ದಾಟಿ, ಪಿಕ್ಟನ್ನಿನಿಂದ ಕಾರಿನಲ್ಲಿ ನೆಲ್ಸನ್‌ಗೆ ಹೋದೆವು. ಗ್ರೇಮನ ಮನೆಯ ಹಿತ್ತಿಲಿನಲ್ಲಿ, ಸೇಬಿನ ಮರದ ಕೆಳಗೆ ಮದುವೆ. ಅಕ್ಕ ಇಳಕಲ್ ಸೀರೆ ಉಟ್ಟಿದ್ದರು, ತುಟಿಗೆ ಎಂದಿನ ಬಣ್ಣ. ಬಂದವರೆಲ್ಲ ಅವನ ಕಡೆಯ ಕಿವಿಗಳು. ಕನ್ನಡ ಬಲ್ಲವರು ಅಕ್ಕ ಮತ್ತು ನಾವು ಮೂವರು. ಹಾರ ಬದಲಾಯಿಸಿ, ಕಾಗದಕ್ಕೆ ಸಹಿ ಹಾಕಿದ ಮೇಲೆ ಊಟದ ಹೊತ್ತಿಗೆ ಒಬ್ಬೊಬ್ಬರೂ ಎದ್ದು ಎರಡು ಮಾತಾಡಿದರು. ಇಂಚರ ಎದ್ದಳು. ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ ಎಂದುಕೊಂಡೆ. ಅವಳು ಅಕ್ಕನ ಕಡೆ ತಿರುಗಿ ಕನ್ನಡದಲ್ಲಿ ಶುರುಮಾಡಿದಳು.

"ಆಂಟಿ ನಂಗ ರೊಟ್ಟಿ ಬಡಿಯೂದು ಕಲಿಸಿದ್ರು. ಇಸ್ಪೀಟಿನ್ಯಾಗ ಮೋಸ ಮಾಡೂದು ಕಲಿಸಿದ್ರು. ನಂಗ ಅಳು ಬಂದಾಗ ಯಾಕ ಅಂತ ಕೇಳ್ತಿರ್ಲಿಲ್ಲ, ಬಾಜೂಕ ಬಂದು ಕುಂದರ್ತಿದ್ರು. ಯಾರಿಗೂ ಹೇಳದ್ದು ನಾ ಆಂಟಿಗೆ ಹೇಳೀನಿ."

ಅಷ್ಟಾದ ಮೇಲೆ ಸ್ವಲ್ಪ ತಡೆದು, ನನ್ನ ಕಡೆ ನೋಡದೆ ಹೇಳಿದಳು. "ನಮ್ಮಮ್ಮ ನನ್ನ ಕರ್ಕೊಂಡ್ ಹೋಗಾಕ ಬಂದಾಗ ಎಷ್ಟೋ ಸಲ ಹೊರಗ ಕಾರಿನ್ಯಾಗ ಸುಮ್ನ ಕುಂತಿರ್ತಿದ್ಲು. ನಾ ಕಿಟಕಿಯಿಂದ ನೋಡ್ತಿದ್ದೆ. ಒಳಗ ಬಾ ಅಮ್ಮಾ ಅಂತ ಕರೀಬೇಕು ಅನಸ್ತಿತ್ತು. ಕರೀಲಿಲ್ಲ."

ಕೂತುಬಿಟ್ಟಳು. ಅರ್ಥವಾಗದಿದ್ದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ರೇಮ್ ನಗುತ್ತ ನನ್ನ ಕಡೆ ತಿರುಗಿ, ನೀನು ಅವಳ ತಾಯಿ, ಏನೆಂದಳೆಂದು ನಮಗೆ ಹೇಳಬೇಕು ಅಂದ.

ಎದ್ದು ನಿಂತೆ. ರೊಟ್ಟಿಯದು ಹೇಳಿದೆ. ಇಸ್ಪೀಟಿನದು ಹೇಳಿದಾಗ ಎಲ್ಲರೂ ನಕ್ಕರು. ಅಳುವಿನದು ಹೇಳಿದೆ. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದ್ದೇನೆ ಎಂಬುದನ್ನೂ, ಒಂದಕ್ಷರ ಬಿಡದೆ, ದನಿ ನಡುಗದೆ ಹೇಳಿದೆ. ನನ್ನ ಮಗಳು ಇನ್ನೊಬ್ಬಳನ್ನು ಎಷ್ಟು ಪ್ರೀತಿಸುತ್ತಾಳೆ ಎಂಬುದನ್ನು ಹಿತ್ತಿಲು ತುಂಬ ಕೂತ ಅಪರಿಚಿತರಿಗೆ ನಾನೇ ಬಿಡಿಸಿ ಹೇಳಿದೆ. ಕೊನೆಯ ಮಾತಿಗೆ ಬಂದಾಗ ಬಾಯಿ ತೆರೆದೆ. ಕಾರಿನ ಮಾತನ್ನು ಅಲ್ಲೇ ಬಿಟ್ಟೆ. ಅಷ್ಟೇ ಎಂಬಂತೆ ಕೈ ಆಡಿಸಿ ಕೂತೆ.

"ಇನ್ನೊಂದು ಮಾತು ಉಳಿಯಿತು" ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಅಕ್ಕ ಎದ್ದರು. ಹುಬ್ಬಳ್ಳಿಯ ಏರಿಳಿತ ಬಿಡದ ಆ ಇಂಗ್ಲಿಷಿನಲ್ಲೇ ಕಾರು, ಕಿಟಕಿ, ಕರೆಯಬೇಕೆನ್ನಿಸಿದ್ದು, ಕರೆಯದೆ ಉಳಿದದ್ದು ಎಲ್ಲವನ್ನೂ ನಿಧಾನವಾಗಿ, ಚೆನ್ನಾಗಿ ಹೇಳಿದರು. ಗ್ರೇಮನ ತಂಗಿ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು. ಇಂಚರ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಳು.

ನನ್ನ ಮಗಳು ನನಗಾಗಿ ಕನ್ನಡದಲ್ಲಿ ಆಡಿದ ಮಾತು ಅದೊಂದು. ಅದನ್ನೂ ಅಷ್ಟು ಜನರ ಮುಂದೆ ಹೇಳಿ ಮುಗಿಸಿದವರು ಅಕ್ಕನೇ.